ಎಡಗೈಗೆ ಕಟ್ಟಿದ ತಂತಿಗಳು

ಆಗೆಲ್ಲ ನಮ್ಮ ಕಡೆ ತೆಂಗಿನ ಗಿಡಕ್ಕೆ ಹೊಯ್ದ ಹಾಗೆ ಕರೆಂಟಿಗೂ ನೀರು ಹೊಯ್ಯಬೇಕಿತ್ತು. ಕಾಪುವಿನಲ್ಲಿ, ಸಮುದ್ರದಿಂದ ಸ್ವಲ್ಪವೇ ಈಚೆಗಿದ್ದ ನಮ್ಮ ಮನೆಯ ಹಿಂದೆ, ಬಚ್ಚಲಿನ ಗೋಡೆಗೆ ತಾಗಿ, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ತಿಂಗಿನ ಗುಂಡಿ ಇತ್ತು. ಒಳಗೆ ಉಪ್ಪು, ಇದ್ದಿಲು, ನಡುವೆ ಹುಗಿದ ಒಂದು ಕಬ್ಬಿಣದ ಪೈಪು. ಮಳೆ ಬಿಟ್ಟು ಮರಳು ಒಣಗಿತೆಂದರೆ ಫ್ರಿಜ್ಜಿನ ಬಾಗಿಲು ಮುಟ್ಟಿದ ಬೆರಳಿಗೆ ಚುರುಕ್ಕೆನ್ನುತ್ತಿತ್ತು. ಮಮ್ಮಿ ಅಡುಗೆಮನೆಯಿಂದಲೇ ಕೂಗುತ್ತಿದ್ದರು, "ಲೀನಾ, ಅರ್ತಿಂಗಿಗೆ ಒಂದು ಕೊಡಪಾನ ನೀರು ಹೊಯ್ಯು ಮಗಾ!" ಹೊಯ್ದ ನೀರು ಗುಳುಗುಳು ಎಂದು ಇಳಿಯುವಾಗ ಒದ್ದೆ ಇದ್ದಿಲಿನ ವಾಸನೆ ಬರುತ್ತಿತ್ತು. ಈ ಕೆಲಸ ನಿಮ್ಮಲ್ಲಿ ಕೆಲವರೂ ಮಾಡಿರಬಹುದು. ನಮ್ಮ ಮನೆಯಲ್ಲಿ ಅದು ನನ್ನದು. ಮೆಲ್ವಿನಣ್ಣ ನನಗಿಂತ ಎರಡು ವರ್ಷ ದೊಡ್ಡವನು, ಆದರೆ ಅವನಿಗೆ ಯಾರೂ ಹೇಳುತ್ತಿರಲಿಲ್ಲ.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದ ವರ್ಷದ ಮಳೆಗಾಲದಲ್ಲಿ ಅಪ್ಪನ ತಮ್ಮ ಗಲ್ಫಿನ ಕೆಲಸ ಬಿಟ್ಟು ಊರಿಗೆ ಬಂದರು. ನಮ್ಮ ಕೊಂಕಣಿಯಲ್ಲಿ ಅಪ್ಪನ ತಮ್ಮನನ್ನು ಬಾಪ್ಪು ಎನ್ನುತ್ತೇವೆ. ಬಾಪ್ಪು ಅಲ್ಲಿ ಒಂದು ಹೋಟೆಲಿನಲ್ಲಿ ಏಸಿ ರಿಪೇರಿ ಮಾಡುತ್ತಿದ್ದರು, ರಜೆಯ ಸಂಜೆಗಳಲ್ಲಿ ಗೋವಾದವರ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ಬಾರಿಸುತ್ತಿದ್ದರು. ಬೇರೆಯವರು ಕಂಬಳಿ, ಹಾಲಿನ ಪುಡಿಯ ಡಬ್ಬ ತಂದರೆ ಇವರು ತಂದದ್ದು ಟವೆಲುಗಳಲ್ಲಿ ಸುತ್ತಿದ ಆ ಗಿಟಾರನ್ನು. ಸಾಬೂನಿನ ಪರಿಮಳದ ಟವೆಲು ಬಿಚ್ಚಿದಾಗ ಹೊರಬಂದದ್ದು ಕಾಫಿ ಬಣ್ಣದ ಮರ, ಉದ್ದದ ಕತ್ತು, ನಾಲ್ಕೇ ತಂತಿ. ದಪ್ಪದ ತಂತಿ ನಮ್ಮ ಬಾವಿಯ ಹಗ್ಗದ ಒಂದು ಎಳೆಯಷ್ಟಿತ್ತು.

ಅಜ್ಜಿ ಕನ್ನಡಕ ಹಾಕಿಕೊಂಡು ಬಂದು ನೋಡಿದರು. "ಇದರಲ್ಲಿ ಹಾಡು ಬರುದಿಲ್ವಾ? ಬರೀ ಡುಂ ಡುಂ?"

"ಮನೆ ಕಟ್ಟಿದ ಮೇಲೆ ಅಡಿಯ ಪಂಚಾಂಗದ ಕಲ್ಲು ಯಾರಿಗೆ ಕಾಣ್ತದೆ ಅಮ್ಮ? ಅದಿಲ್ಲದಿದ್ದರೆ ಗೋಡೆ ನಿಲ್ತದಾ?" ಎಂದರು ಬಾಪ್ಪು.

"ಕಾಣದ ಕಲ್ಲಿಗೆ ಇಷ್ಟು ಪಾಲಿಶ್ ಎಂತಕೆ ಮಾರಾಯ?"

ಅಲ್ಲಿನ ಹಳೆ ಸಾಮಾನಿನ ಅಂಗಡಿಯಲ್ಲಿ ಈ ಗಿಟಾರನ್ನು ಹೇಗೆ ಆರಿಸಿದರೆಂದು ಬಾಪ್ಪು ನನಗೆ ತೋರಿಸಿದರು. ಕರೆಂಟಿಗೆ ಜೋಡಿಸದೆ ಆರಿಸಬೇಕಂತೆ. ಮರದ ಅಂಚಿಗೆ ಗಲ್ಲ ಒತ್ತಿ ಹಲ್ಲು ಕಚ್ಚಿ ಹಿಡಿದು ತಂತಿ ಮೀಟಬೇಕು. "ಮರ ಸತ್ತದ್ದಾದರೆ ಹಲ್ಲಿಗೆ ಎಂತದೂ ಬರುದಿಲ್ಲ. ಮಷಿನಿನ ಒಳಗೆ ಸದ್ದು ಹಿಡಿಯುವ ಪಿಕಪ್ ಎಷ್ಟು ಒಳ್ಳೆದಿದ್ದರೂ ಮತ್ತೆ ಪ್ರಯೋಜನ ಇಲ್ಲ." ನಾನು ಗಲ್ಲ ಒತ್ತಿ ಮೀಟಿದೆ. ಕಿವಿಗೆ ಹೆಚ್ಚೇನೂ ಕೇಳಲಿಲ್ಲ. ಆದರೆ ಹಲ್ಲಿನಿಂದ ಹಿಡಿದು ನೆತ್ತಿಯವರೆಗೆ ಏನೋ ತುಂಬಿಕೊಂಡಿತು.

ಆಗಲೇ ಬಾಪ್ಪು ಗಮನಿಸಿದ್ದು. ಗಿಟಾರನ್ನು ನಾನು ತಿರುವುಮುರುವು ಹಿಡಿದಿದ್ದೆ. ಕತ್ತು ಬಲಕ್ಕೆ, ಮೀಟುವುದು ಎಡಗೈಯಲ್ಲಿ.

ನನ್ನ ಎಡಗೈಯ ಕಥೆ ಮನೆಯವರಿಗೆಲ್ಲ ಗೊತ್ತಿದ್ದದ್ದೇ. ಕಾನ್ವೆಂಟಿನಲ್ಲಿ ಒಂದನೇ ಕ್ಲಾಸಿನ ಸಿಸ್ಟರ್ ತುಂಬ ಮೃದು ಸ್ವಭಾವದವರು, ಒಮ್ಮೆಯೂ ಹೊಡೆದವರಲ್ಲ. ನಾನು ಎಡಗೈಗೆ ಪೆನ್ಸಿಲ್ ತೆಗೆದುಕೊಂಡಾಗಲೆಲ್ಲ ನಗುತ್ತಲೇ ಅದನ್ನು ಬಿಡಿಸಿ ಬಲಗೈಗೆ ಕೊಡುತ್ತಿದ್ದರು. ಒಂದು ವರ್ಷ ಹಾಗೆ ಕೊಟ್ಟು ಕೊಟ್ಟು ನನ್ನ ಅಕ್ಷರ ಬಲಗೈಗೆ ಹೋಯಿತು. ಮನೆಯಲ್ಲಿ ಅಜ್ಜಿ, "ಎಡಗೈಯಲ್ಲಿ ಯಾರಿಗೂ ಎಂತದೂ ಕೊಡಬಾರದು, ಮರ್ಯಾದೆ ಅಲ್ಲ" ಎನ್ನುತ್ತಿದ್ದರು. ಉಣ್ಣಲು, ಬರೆಯಲು, ಶಿಲುಬೆ ಗುರುತು ಹಾಕಲು, ಕೊಡಲು, ತೆಗೆದುಕೊಳ್ಳಲು ಬಲಗೈ. ಎಡಗೈಗೆ ಉಳಿದದ್ದು ಕೊಡಪಾನ ಎತ್ತುವುದೊಂದೇ.

"ಎಡಗೈಯವಳಾ ನೀನು! ಮೊದಲೇ ಹೇಳಬಾರದಾ?" ಎಂದು ಬಾಪ್ಪು ನಕ್ಕರು. ನನ್ನನ್ನು ತಿದ್ದಲಿಲ್ಲ. ಗಿಟಾರನ್ನೇ ತಿದ್ದಲು ಕುಳಿತರು.

ಅದು ನಾನು ಅಂದುಕೊಂಡಷ್ಟು ಸುಲಭದ ಕೆಲಸವಲ್ಲ. ತಂತಿಗಳನ್ನು ಬಿಚ್ಚಿ ಕ್ರಮ ಬದಲಿಸಬೇಕು. ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಒಂದು ಪಟ್ಟಿ ಉಂಟು, ಅದಕ್ಕೆ ನಟ್ ಎನ್ನುತ್ತಾರೆ. ಅದರಲ್ಲಿ ದಪ್ಪ ತಂತಿಗೆ ಅಗಲದ ಗೆರೆ, ತೆಳು ತಂತಿಗೆ ಸಣ್ಣ ಗೆರೆ. ಕ್ರಮ ಬದಲಾದರೆ ನಟ್ ಹೊಸದೇ ಬೇಕು. ಉಡುಪಿಯಲ್ಲಿ ಅಂಥದ್ದು ಸಿಗುತ್ತಿರಲಿಲ್ಲ. ಭಾನುವಾರ ಪೂಜೆ ಮುಗಿಸಿ ಬಂದು ಸೂಪು ಕುಡಿಯುವಾಗ ಬಾಪ್ಪು ತಟ್ಟೆಯಲ್ಲಿದ್ದ ಎಲುಬನ್ನು ಎತ್ತಿ ಬೆಳಕಿಗೆ ಹಿಡಿದರು. "ಇದೇ ಸಾಕು!" ಅದನ್ನು ಸೋಡಾ ಹಾಕಿ ಕುದಿಸಿ, ಒಣಗಿಸಿ, ಜಗಲಿಯಲ್ಲಿ ಕುಳಿತು ಅರದಿಂದ ಉಜ್ಜಿದರು. ಬಿಳಿ ಹುಡಿ ಅವರ ಲುಂಗಿಯ ಮೇಲೆಲ್ಲ ಬಿತ್ತು. ಹೆಗಲ ಬಾರು ಸಿಕ್ಕಿಸುವ ಗುಂಡಿಯನ್ನು, ಕತ್ತಿನ ಬುಡದ ಎರಡು ಬದಿಗೆ ಚಾಚಿದ ಮರದ ಕೊಂಬುಗಳಲ್ಲಿ ಮೇಲಿನದರಿಂದ ತೆಗೆದು ಕೆಳಗಿನ ಕೊಂಬಿನಲ್ಲಿ ತೂತು ಕೊರೆದು ಕೂರಿಸಿದರು. ಒಳ್ಳೆಯ ಮರಕ್ಕೆ ಡ್ರಿಲ್ ಇಡುವಾಗ ಪಪ್ಪ, "ಇಷ್ಟು ಬೆಲೆಯ ಸಾಮಾನು ಹಾಳು ಮಾಡ್ತೀಯಲ್ಲ" ಎಂದರು. "ಹಾಳು ಅಲ್ಲ, ಅಳತೆಗೆ ಹೊಲಿದದ್ದು" ಎಂದರು ಬಾಪ್ಪು.

ತಿರುಗಿಸಿ ಹಿಡಿದಾಗ ಸದ್ದು ಏರಿಸುವ ತಿರುಪುಗಳು ಮೇಲೆ ಬಂದು ನನ್ನ ಮೊಣಕೈಗೆ ತಾಗುತ್ತಿದ್ದವು. ಬಾರಿಸುತ್ತ ಬಾರಿಸುತ್ತ ಸದ್ದು ತಾನಾಗಿ ಸಣ್ಣದಾಗುತ್ತಿತ್ತು. ಬಾಪ್ಪು ಬೇಕಾದಷ್ಟಕ್ಕೆ ತಿರುಗಿಸಿಟ್ಟು ಮೇಲಿಂದ ಇನ್ಸುಲೇಶನ್ ಟೇಪ್ ಅಂಟಿಸಿದರು. ತಂತಿ ಮರದಿಂದ ಎಷ್ಟು ಎತ್ತರದಲ್ಲಿರಬೇಕೆಂದು ಎರಡು ಪಾವಲಿ ನಾಣ್ಯಗಳನ್ನು ಒಟ್ಟಿಗೆ ಅಡಿಗೆ ತುರುಕಿ ನೋಡಿದರು. ಕಡಲ ಗಾಳಿಗೆ ಕತ್ತು ಬಾಗಿದರೆ ಅದರೊಳಗಿನ ಸರಳನ್ನು ಕೀಲಿಯಿಂದ ಕಾಲು ಸುತ್ತು ತಿರುಗಿಸಿ, ಒಂದು ದಿನ ಮುಟ್ಟದೆ ಇಡುತ್ತಿದ್ದರು. "ಮರಕ್ಕೆ ಅವಸರ ಮಾಡಬಾರದು ಬಾಯೆ. ಹೇಳಿದ ಕೂಡಲೇ ಕೇಳುದಿಲ್ಲ ಅದು. ನಿನ್ನ ಹಾಗಲ್ಲ." ಆ ಮಾತಿಗೆ ಆಗ ನಾನೂ ನಕ್ಕಿದ್ದೆ.

ಉಪ್ಪು ಗಾಳಿಗೆ ತಂತಿ ಮಂಕಾದಾಗ ಅದನ್ನು ಬಿಚ್ಚಿ ಸುರುಳಿ ಮಾಡಿ ನೀರಿನಲ್ಲಿ ಕುದಿಸಬೇಕು, ಮತ್ತೆ ಹೊಳಪಾಗುತ್ತದೆ. ಬಾಪ್ಪು ಕುದಿಸಿದ್ದು ಗಂಜಿಯ ಪಾತ್ರೆಯಲ್ಲಿ. ಅಜ್ಜಿ ಮುಚ್ಚಳ ತೆಗೆದು ನೋಡಿ ಎದೆಗೆ ಕೈ ಹಿಡಿದುಕೊಂಡರು. "ಯೇಸುವೇ! ಇದೆಂತ, ಹಾವುಮೀನಾ?"

ಇನ್ನು ಸ್ಪೀಕರ್. ಮೊದಲು ಚರ್ಚಿನ ಮೈಕ್ ಸೆಟ್ಟಿಗೆ ಜೋಡಿಸಿ ನೋಡಿದೆವು. ಹಬ್ಬಕ್ಕೆ ಕಟ್ಟುವ ಆ ಕೊಂಬಿನ ಸ್ಪೀಕರಿನಲ್ಲಿ ನನ್ನ ದಪ್ಪ ತಂತಿ ಸ್ಟೀಲ್ ತಟ್ಟೆಗೆ ಚಮಚ ಬಡಿದ ಹಾಗೆ ಟಣ್ ಎಂದಿತು. ಆಮೇಲೆ ನಾವಿಬ್ಬರೂ ಬಸ್ಸಿನಲ್ಲಿ ಗಿಟಾರ್ ಹೊತ್ತು ಉಡುಪಿಗೆ ಹೋದೆವು. ಅಂಗಡಿಯವರು ಹೊಳೆಯುವ ಜಾಲರಿಯ ಸ್ಪೀಕರುಗಳನ್ನು ಸಾಲಾಗಿ ಇಟ್ಟರು. ಬಾಪ್ಪು ಜಾಲರಿ ನೋಡಲಿಲ್ಲ, ಕಾಗದದ ಬಟ್ಟಲನ್ನು ಹೆಬ್ಬೆರಳುಗಳಿಂದ ಮೆಲ್ಲ ಒತ್ತಿ, ಹಿಂದಿನ ಅಯಸ್ಕಾಂತವನ್ನು ಕೈಯಲ್ಲಿ ತೂಗಿ, ಎಲ್ಲಕ್ಕಿಂತ ಕುರೂಪದ್ದನ್ನು ಆರಿಸಿದರು. ಬೇಸ್ ಗಿಟಾರಿಗೆ ಅಗಲವೂ ಬೇಕು, ಭಾರವೂ ಬೇಕು, ಚೆಂದ ಬೇಡ ಎಂದರು. ಅದಕ್ಕೆ ಪೆಟ್ಟಿಗೆ ಮಾಡಿಕೊಟ್ಟದ್ದು ನಮ್ಮ ಚರ್ಚಿನವರಿಗೆಲ್ಲ ಶವದ ಪೆಟ್ಟಿಗೆ ಮಾಡುವ ಇನಾಸ್ ಮಾಮ. ಸಂದು ಬಿಡದ ಹಾಗೆ ಹಲಗೆ ಜೋಡಿಸುವುದು ಅವರಿಗೇ ಗೊತ್ತಿದ್ದದ್ದು. ಕಪ್ಪು ಬಣ್ಣ ಬಳಿದ ಪೆಟ್ಟಿಗೆ ರಿಕ್ಷಾದಿಂದ ಇಳಿಯುವಾಗ ನೆರೆಮನೆಯ ಸುಂದರಿಯಕ್ಕ ಬೇಲಿಯವರೆಗೆ ಓಡಿ ಬಂದರು. "ಅಯ್ಯೋ ದೇವರೇ, ಯಾರಿಗೆ ಎಂತಾಯ್ತು?"

"ಯಾರಿಗೂ ಎಂತ ಆಗ್ಲಿಲ್ಲ ಅಕ್ಕ. ಇನ್ನು ನಿಮ್ಮ ನಿದ್ರೆಗೆ ಆಗ್ತದೆ" ಎಂದರು ಬಾಪ್ಪು.

ಮಳೆ ಹೋಗಿ ಮರಳು ಒಣಗಿದ ಮೇಲೆ, ಬಾಪ್ಪು ಆಂಪ್ಲಿಫೈಯರ್ ಕೂರಿಸಿದ ಆ ಪೆಟ್ಟಿಗೆಯಿಂದ ಒಂದು ಹುಂಕಾರ ಶುರುವಾಯಿತು. ಬಾರಿಸದಿದ್ದರೂ ಜೇನುಹುಟ್ಟಿನ ಹಾಗೆ ಹುಂ ಎನ್ನುತ್ತಿತ್ತು. ನಾನು ತಂತಿಯ ಮೇಲೆ ಕೈ ಇಟ್ಟರೆ ಕೂಡಲೇ ನಿಲ್ಲುತ್ತಿತ್ತು, ತೆಗೆದರೆ ಮತ್ತೆ ಹುಂ. ಬಾಪ್ಪು ಹೇಳಿದರು, "ತಂತಿಗೆ ಒಳಗಿಂದ ಅರ್ತಿನ ವಯರುಂಟು. ಮುಟ್ಟಿದರೆ ನೀನೂ ಅದರಲ್ಲಿ ಸೇರಿ ಹೋಗ್ತೀಯ. ಓಡು, ಗುಂಡಿಗೆ ನೀರು ಹೊಯ್ದು ಬಾ." ಹೊಯ್ದು ಬಂದಾಗ ಹುಂಕಾರ ಅರ್ಧ ಇಳಿದಿರುತ್ತಿತ್ತು. ಆಮೇಲೆ ನಾನು ಬಾರು ಹೆಗಲಿಗೆ ಹಾಕಿಕೊಳ್ಳುತ್ತಿದ್ದೆ.

ಬಲಗೈಯ ಬೆರಳ ತುದಿಗಳು ಮೊದಲು ಸುಲಿದವು, ಆಮೇಲೆ ಗಟ್ಟಿಯಾದವು. ಎಡಗೈಯ ಎರಡು ಬೆರಳು ಮೀಟಲು ಕಲಿತವು. ಕಲಿತವು ಎನ್ನುವುದು ಸರಿಯಲ್ಲ, ಅವಕ್ಕೆ ಗೊತ್ತೇ ಇತ್ತು. ಆ ಮನೆಯಲ್ಲಿ ನನ್ನ ಎಡಗೈಯ ಅಳತೆಗೆಂದು ಮಾಡಿದ ವಸ್ತು ಅದೊಂದೇ. ಬೇರೆ ಯಾರು ಎತ್ತಿಕೊಂಡರೂ ಅವರಿಗೆ ಅದು ತಿರುಗುಮುರುಗು. ನನಗೆ ಮಾತ್ರ ನೇರ.

ಬಾಪ್ಪು ಒಂದು ಬ್ಯಾಂಡ್ ಕಟ್ಟಿದರು. ಆರು ತಂತಿಯ ಬೇರೆ ಗಿಟಾರಿಗೆ ಅವರೇ, ಕಾರ್ಕಳದ ಇಬ್ಬರು ಗೆಳೆಯರು ಡ್ರಮ್ ಮತ್ತು ಕೀಬೋರ್ಡ್, ಬೇಸ್ ಗಿಟಾರಿಗೆ ನಾನು. ಕ್ರಿಸ್ಮಸ್ ಕಳೆದು ಜನವರಿಯಲ್ಲಿ ಕಾರ್ಕಳದಲ್ಲಿ ನಡೆಯಲಿದ್ದ ಒಂದು ಮದುವೆಗೆ ಬಾರಿಸಲು ಒಪ್ಪಿಕೊಂಡಾಯಿತು. ಆ ಗೆಳೆಯರು ಮೊದಲ ದಿನ ನನ್ನನ್ನು ನೋಡಿ ಮುಖ ಮುಖ ನೋಡಿಕೊಂಡರು. ಎರಡು ಹಾಡು ಮುಗಿಯುವಾಗ ಡ್ರಮ್ಮಿನವರು ಕೋಲು ಕೆಳಗಿಟ್ಟು, "ಇವಳು ಇರಲಿ ಮಾರಾಯ. ಇವಳಿದ್ದರೆ ನನಗೆ ಲೆಕ್ಕ ತಪ್ಪುದಿಲ್ಲ" ಎಂದರು. ಮಮ್ಮಿ ನೀಲಿ ಬಟ್ಟೆ ತಂದು ನನಗೆ ಉದ್ದದ ಮಿಡಿ ಹೊಲಿದರು. ಬಾರು ತಾಗುವ ಹೆಗಲಿಗೆ ಒಳಗಿಂದ ಇನ್ನೊಂದು ಪದರ ಬಟ್ಟೆ ಕೊಟ್ಟಿದ್ದರು. ನಾನು ಕೇಳಿರಲಿಲ್ಲ, ಅವರೇ ನೋಡಿ ಕೊಟ್ಟದ್ದು.

ಕ್ರಿಸ್ಮಸ್ ಕಳೆದ ವಾರ. ಹಬ್ಬದ ತಿಂಡಿ ಕುಸ್ವಾರಿನ ಡಬ್ಬದ ಅಡಿಯಲ್ಲಿ ಕಲಕಲದ ಪುಡಿ ಮಾತ್ರ ಉಳಿದಿತ್ತು. ರಜೆಯ ಒಂದು ಬೆಳಿಗ್ಗೆ ಮಮ್ಮಿಯೊಟ್ಟಿಗೆ ಪೇಟೆಗೆ ಹೋಗಿ ಬರುವಾಗ ಬಾಪ್ಪು ಜಗಲಿಯಲ್ಲಿ ಕುಳಿತಿದ್ದರು. ಗಿಟಾರ್ ತೊಡೆಯ ಮೇಲೆ. ನಾನು ಮೆಟ್ಟಿಲಿನಿಂದಲೇ ನೋಡಿದೆ. ದಪ್ಪ ತಂತಿ ಇರಬಾರದ ಕಡೆ ಇತ್ತು.

"ಬಾಪ್ಪು, ತಂತಿ ತಪ್ಪಾಗಿದೆ."

ಅವರು ತಲೆ ಎತ್ತಲಿಲ್ಲ. "ತಪ್ಪಲ್ಲ."

ಚಾಪೆಯ ಮೇಲೆ ನನ್ನ ಎಲುಬಿನ ನಟ್ ಎರಡು ತುಂಡಾಗಿ ಬಿದ್ದಿತ್ತು. ತೆಗೆಯುವಾಗ ಮುರಿದದ್ದು. ಅದರ ಜಾಗದಲ್ಲಿ ಗಲ್ಫಿನಿಂದ ಬಂದಾಗ ಇದ್ದ ಪ್ಲಾಸ್ಟಿಕಿನದ್ದು ಕೂತಿತ್ತು. ಟೇಪ್ ಕಿತ್ತಾಗಿತ್ತು. ಬಾರಿನ ಗುಂಡಿ ಮೇಲಿನ ಕೊಂಬಿಗೆ ಹೋಗಿತ್ತು. ಕೆಳಗಿನ ನನ್ನ ತೂತಿಗೆ ಬೆಂಕಿಕಡ್ಡಿ ತುರುಕಿ, ಸಮ ಕತ್ತರಿಸಿ, ಮೇಣ ಒತ್ತಿದ್ದರು. ತುಂಬ ಚೆನ್ನಾಗಿ ಮಾಡಿದ್ದರು. ಅವರು ಯಾವ ಕೆಲಸವನ್ನೂ ಕೆಟ್ಟದಾಗಿ ಮಾಡಿದವರಲ್ಲ.

"ಯಾರಿಗೆ?" ಎಂದು ಕೇಳಿದೆ.

"ಪಪ್ಪ ಹೇಳ್ತಾರೆ."

ಮೆಲ್ವಿನಣ್ಣ ಎಸೆಸೆಲ್ಸಿಯಲ್ಲಿ ಎರಡನೇ ಸಲವೂ ಫೇಲಾಗಿದ್ದ. ಸಂಜೆಯೆಲ್ಲ ಮೋರಿಯ ಮೇಲೆ ಕುಳಿತು ಹೋಗುವ ಬರುವ ಬಸ್ಸುಗಳಿಗೆ ಶಿಳ್ಳೆ ಹಾಕುತ್ತಿದ್ದ. ಆದಿ ಉಡುಪಿಯ ರಖಂ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ ಪಪ್ಪನಿಗೆ ಅಲ್ಲಿಗೂ ದೂರು ಬರುತ್ತಿತ್ತು. ಇದೆಲ್ಲ ನನಗೂ ಗೊತ್ತಿತ್ತು. ಅದಕ್ಕೂ ನನ್ನ ತಂತಿಗೂ ಸಂಬಂಧ ಉಂಟೆಂದು ಗೊತ್ತಿರಲಿಲ್ಲ.

ನಮ್ಮಲ್ಲಿ ಸಂಜೆ ಜಪಸರ ಮುಗಿದ ಮೇಲೆ ಮಕ್ಕಳು ಕೈಮುಗಿದು ಒಬ್ಬೊಬ್ಬರಾಗಿ ಹಿರಿಯರ ಆಶೀರ್ವಾದ ಕೇಳುವ ಪದ್ಧತಿ. ಅದಕ್ಕೆ ಬೆಸಾಂವ್ ಎನ್ನುತ್ತೇವೆ. ಬೆಸಾಂವ್ ಸಿಕ್ಕಿದ ಮೇಲೆ ಆ ರಾತ್ರಿ ಯಾರೂ ಎದುರು ಮಾತಾಡುವುದಿಲ್ಲ. ಚಿಕ್ಕಂದಿನಿಂದ ಕಲಿತದ್ದು. ನಾನು ಪಪ್ಪನ ಎದುರು ಕೈಮುಗಿದೆ.

"ದೇವರು ಒಳ್ಳೆಯದು ಮಾಡಲಿ" ಎಂದು ಪಪ್ಪ ನನ್ನ ತಲೆಯ ಮೇಲೆ ಕೈ ಇಟ್ಟರು. ಕೈ ತೆಗೆಯದೆಯೇ ಹೇಳಿದರು, "ಮದುವೆಗೆ ಮೆಲ್ವಿ ಬಾರಿಸಲಿ ಮಗಾ. ನೀನು ಕಲಿಯುವವಳು, ನಿನಗೆ ಎಲ್ಲಿ ಹೋದರೂ ಆಗ್ತದೆ. ಅವನಿಗೆ ಎಂತ ಉಂಟು ಹೇಳು? ಒಂದು ದಾರಿಗೆ ಬರಲಿ."

ಮಮ್ಮಿ ಮೇಣದಬತ್ತಿ ಆರಿಸುವ ನೆಪದಲ್ಲಿ ತಿರುಗಿ ನಿಂತರು. ಅಜ್ಜಿ ಮಾತ್ರ, "ಅವನಿಗೆ ತಾಳ ಉಂಟಾ? ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ ಬಡಿತಾನೆ" ಎಂದರು. ಎಲ್ಲರೂ ನಕ್ಕರು, ಮೆಲ್ವಿನಣ್ಣನೂ ನಕ್ಕ. ಆ ನಗುವಿನಲ್ಲಿ ಮಾತು ಮುಗಿದು ಹೋಯಿತು. ಪಪ್ಪನ ಕೈ ನನ್ನ ತಲೆಯ ಮೇಲೆಯೇ ಇತ್ತು. ನಾನು, "ಆಗ್ತದೆ ಪಪ್ಪ" ಎಂದೆ.

ಮರುದಿನದಿಂದ ಬಾಪ್ಪು ಅಣ್ಣನಿಗೆ ಕಲಿಸಿದರು. ಅವನಿಗೆ ಜಾಗ ನೆನಪಿರಲೆಂದು ಮಮ್ಮಿಯ ನೈಲ್ ಪಾಲಿಶಿನಿಂದ ಗಿಟಾರಿನ ಕತ್ತಿನ ಮೇಲೆ ಕೆಂಪು ಚುಕ್ಕೆಗಳನ್ನಿಟ್ಟರು. ನಾನು ಒಳಗೆ ಓದಲು ಕುಳಿತಿರುತ್ತಿದ್ದೆ. ಹುಂಕಾರ ಶುರುವಾದರೆ ಜಗಲಿಯಿಂದ ಅಣ್ಣ ಕೂಗುತ್ತಿದ್ದ, "ಲೀನಾ, ನೀರು!" ನಾನು ಎದ್ದು ಹೋಗಿ ಹೊಯ್ದು ಬರುತ್ತಿದ್ದೆ.

ಕಾರ್ಕಳದ ಮದುವೆಗೆ ನೀಲಿ ಮಿಡಿ ಹಾಕಿಕೊಂಡೇ ಹೋದೆ, ಹೊಲಿದಾಗಿತ್ತಲ್ಲ. ವಧೂವರರು ಜೋಡಿ ಜೋಡಿ ನೆಂಟರೊಂದಿಗೆ ಹಾಲ್ ಸುತ್ತುವಾಗ ಬ್ಯಾಂಡ್ ಶುರುವಾಯಿತು. ಅಣ್ಣ ಕಪ್ಪು ಕನ್ನಡಕ ಹಾಕಿ, ಒಂದು ಕಾಲು ಮುಂದಿಟ್ಟು ನಿಂತಿದ್ದ. ವಾಲ್ಟ್ಸ್ ಕುಣಿತದ ಹಾಡಿನಲ್ಲಿ ಸ್ವರ ಬದಲಾಗುವಲ್ಲಿ ಅವನು ಬದಲಾಗಲಿಲ್ಲ. ಒಂದೇ ಚುಕ್ಕೆಯ ಮೇಲೆ ನಿಂತೇ ಇದ್ದ. ನಾನು ಸುತ್ತ ನೋಡಿದೆ, ಯಾರಿಗೂ ಏನೂ ಗೊತ್ತಾಗಿರಲಿಲ್ಲ. ಜನ ಕುಣಿಯುತ್ತಿದ್ದರು. ಬಾಪ್ಪು ಒಮ್ಮೆ ತಲೆ ಎತ್ತಿ ಜನರ ನಡುವೆ ನನ್ನನ್ನು ಹುಡುಕಿ ನೋಡಿದರು, ಮತ್ತೆ ತಮ್ಮ ಗಿಟಾರ್ ನೋಡಿದರು.

ಪಕ್ಕದಲ್ಲಿದ್ದ ಆಂಟಿ ವೈನ್ ಗ್ಲಾಸ್ ಹಿಡಿದು, "ನಿನ್ನ ಅಣ್ಣ ಎಷ್ಟು ಚೆಂದ ಬಾರಿಸ್ತಾನೆ ಅಲ್ವಾ!" ಎಂದರು.

"ಹೌದು ಆಂಟಿ" ಎಂದೆ. ತೊಡೆಯ ಮೇಲಿದ್ದ ಕೇಕಿನ ತಟ್ಟೆಯ ಅಡಿಯಲ್ಲಿ ನನ್ನ ಎಡಗೈಯ ಬೆರಳುಗಳು ಸರಿಯಾದ ಸ್ವರವನ್ನು ಮೀಟುತ್ತಿದ್ದವು.

ಅಣ್ಣನಿಗೆ ಬ್ಯಾಂಡ್ ಬೇಸರವಾಗಲು ಒಂದು ಬೇಸಗೆ ಸಾಕಾಯಿತು. ಪಪ್ಪ ಯಾರನ್ನೋ ಹಿಡಿದು ಅವನನ್ನು ಗಲ್ಫಿಗೆ ಕಳಿಸಿದರು. ಗಿಟಾರ್ ಮತ್ತೆ ಟವೆಲಿನೊಳಗೆ ಹೋಯಿತು. ನಾನು ಬಾಪ್ಪುವಿನ ಹತ್ತಿರ ಮೆಲ್ಲ ಕೇಳಿದೆ, "ಪುನಃ ತಿರುಗಿಸಿ ಕೊಡ್ತೀರಾ?"

"ಈ ವರ್ಷ ನಿನಗೆ ಎಸೆಸೆಲ್ಸಿ ಅಲ್ವಾ? ಅದು ಮುಗಿಯಲಿ."

ಅದು ಮುಗಿಯಿತು. ಆಮೇಲೆ ಪಿಯುಸಿ ಮುಗಿಯಲಿ ಎಂದಾಯಿತು, ಆಮೇಲೆ ಡಿಗ್ರಿ. ಆಮೇಲೆ ಮದುವೆ ಮುಗಿಯಲಿ ಎಂದರು. ಮದುವೆಯಾಗಿ ಮಣಿಪಾಲಕ್ಕೆ ಬಂದ ಮೇಲೆ ನಾನು ಕೇಳುವುದನ್ನು ಬಿಟ್ಟೆ. ಮುರಿದ ಎಲುಬಿನ ಒಂದು ತುಂಡನ್ನು ಹೆಕ್ಕಿ ಕಂಪಾಸ್ ಪೆಟ್ಟಿಗೆಯಲ್ಲಿಟ್ಟಿದ್ದೆ. ಅದೂ ಎಲ್ಲಿ ಹೋಯಿತೋ.

ಕೆಲವು ವರ್ಷಗಳ ಹಿಂದೆ ಬಾಪ್ಪು ಇಲ್ಲೇ ಮಣಿಪಾಲದ ಆಸ್ಪತ್ರೆಯಲ್ಲಿ ಮಲಗಿದ್ದರು. ನಾನು ದಿನಾ ಗಂಜಿ ತೆಗೆದುಕೊಂಡು ಹೋಗುತ್ತಿದ್ದೆ. ಒಂದು ಮಧ್ಯಾಹ್ನ ಚಮಚ ಹಿಡಿದಿದ್ದ ನನ್ನ ಬಲಗೈಯನ್ನು ಅವರು ಹಿಡಿದುಕೊಂಡರು. ಬೆರಳುಗಳ ತುದಿಯನ್ನು ಒಂದೊಂದಾಗಿ ಹೆಬ್ಬೆರಳಿನಿಂದ ಒತ್ತಿ ನೋಡಿದರು, ಆ ದಿನ ಅಂಗಡಿಯಲ್ಲಿ ಸ್ಪೀಕರಿನ ಬಟ್ಟಲನ್ನು ಒತ್ತಿದ ಹಾಗೆ.

"ಮೆತ್ತಗಾಗಿದೆ" ಎಂದರು.

ಬೇರೇನಾದರೂ ಹೇಳುತ್ತಾರೆಂದು ಆ ಮೇಲಿನ ದಿನಗಳಲ್ಲೂ ಕಾದಿದ್ದೆ.

ಮೆಲ್ವಿನಣ್ಣ ಈಗ ಗಲ್ಫ್ ಮುಗಿಸಿ ಬಂದು ಹೂಡೆಯಲ್ಲಿ ಹೊಳೆಯ ಬದಿಗೆ ಮನೆ ಕಟ್ಟಿದ್ದಾನೆ. ಮೊನ್ನೆ ಫಾದರ್ ಬಂದು ಮನೆ ಆಶೀರ್ವದಿಸಿದರು. ಹಾಲಿನಲ್ಲಿ, ಟಿವಿಯ ಮೇಲೆ, ಗೋಡೆಗೆ ಕೊಕ್ಕೆ ಹಾಕಿ ಆ ಗಿಟಾರನ್ನು ತೂಗುಹಾಕಿದ್ದಾನೆ. ಅದಕ್ಕೆಂದೇ ಒಂದು ಲೈಟು. "ನನ್ನ ಬೇಸ್. ಆ ಕಾಲದಲ್ಲಿ ಕಾರ್ಕಳದವರೆಗೂ ನಮ್ಮದೇ ಬ್ಯಾಂಡ್" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದ. ಕೆಂಪು ಚುಕ್ಕೆಗಳು ಇನ್ನೂ ಇದ್ದವು. ನಾನು ಜ್ಯೂಸಿನ ಟ್ರೇ ಹಿಡಿದು ಓಡಾಡುತ್ತಿದ್ದೆ.

ಅವನ ಮಗಳ ಕಾಲೇಜಿನ ಗೆಳತಿಯೊಬ್ಬಳು ಸಣ್ಣ ಆಂಪ್ಲಿಫೈಯರ್ ತಂದಿದ್ದಳು. ಗಿಟಾರನ್ನು ಕೆಳಗಿಳಿಸಿ, ಸೋಫಾಕ್ಕೆ ಒರಗಿಸಿ ವಯರು ಸಿಕ್ಕಿಸಿದರು. ಹುಂ ಎಂದಿತು. ಎಲ್ಲರೂ ಕಿವಿ ಮುಚ್ಚಿಕೊಂಡರು. ಮೆಲ್ವಿನಣ್ಣ ಜೋರಾಗಿ ನಕ್ಕ.

"ಇದಕ್ಕೆ ಒಬ್ಬಳೇ ಡಾಕ್ಟರ್, ನಮ್ಮ ಲೀನಾ! ಆಗ ನಾನು ಬಾರಿಸುವಾಗ ಅರ್ತಿಂಗಿಗೆ ನೀರು ಹೊಯ್ಯುವ ಕೆಲಸ ಇವಳದ್ದು. ನೆನಪುಂಟಾ ಲೀನಾ?"

ಅವನ ಮುಖದಲ್ಲಿ ಕುಹಕ ಇರಲಿಲ್ಲ. ಅವನಿಗೆ ನಿಜವಾಗಿ ಅಷ್ಟೇ ನೆನಪಿತ್ತು. ಆ ಹಾಲಿನಲ್ಲಿ ಬೇರೆ ನೆನಪಿದ್ದವರು ಯಾರೂ ಉಳಿದಿರಲಿಲ್ಲ. ಪಪ್ಪ ಇಲ್ಲ, ಅಜ್ಜಿ ಇಲ್ಲ, ಬಾಪ್ಪು ಇಲ್ಲ. ಮಮ್ಮಿ ಕುರ್ಚಿಯಲ್ಲಿ ಕುಳಿತು ಎಲ್ಲರನ್ನೂ ನೋಡಿ ನಗುತ್ತಿದ್ದರು, ಈಗೀಗ ಅವರಿಗೆ ನಮ್ಮ ಹೆಸರೂ ಅದಲುಬದಲಾಗುತ್ತದೆ.

"ನೆನಪುಂಟು" ಎಂದೆ, ನಕ್ಕೆ ಕೂಡ.

ಟ್ರೇಯನ್ನು ಬದಿಗಿಟ್ಟು ಗಿಟಾರಿನ ಹತ್ತಿರ ಹೋದೆ. ಪಾಲಿಶ್ ಮಾಡಿಸಿದ್ದಾನೆ, ಹೊಳೆಯುತ್ತಿತ್ತು. ಕೆಳಗಿನ ಕೊಂಬಿನಲ್ಲಿ ಮಾತ್ರ, ಗೊತ್ತಿದ್ದವರಿಗೆ ಕಾಣುವ ಹಾಗೆ, ಬೆಂಕಿಕಡ್ಡಿಯ ತಲೆಯಷ್ಟು ಒಂದು ಬೇರೆ ಬಣ್ಣದ ಚುಕ್ಕೆ. ನಾನು ಎಡಗೈಯನ್ನು ತಂತಿಗಳ ಮೇಲೆ ಮೆಲ್ಲ ಇಟ್ಟೆ. ಹುಂಕಾರ ನಿಂತಿತು.

"ಅರೆ ಆಂಟಿ, ಎಂತ ಮಾಡಿದ್ರಿ?" ಎಂದು ಆ ಹುಡುಗಿ ಕೇಳಿದಳು.

"ಎಂತ ಇಲ್ಲ. ಮುಟ್ಟಿದೆ ಅಷ್ಟೆ."

ಒಂದು ಕಾಲದಲ್ಲಿ ಈ ನಾಲ್ಕು ತಂತಿಗಳ ಮೇಲೆ ಮೂರು ಜನ ಗಂಡಸರನ್ನು ಲೆಕ್ಕ ತಪ್ಪದ ಹಾಗೆ ನಿಲ್ಲಿಸುತ್ತಿದ್ದೆ. ಈಗ ಇದರಿಂದ ನನಗೆ ಮಾಡಲಿಕ್ಕೆ ಬರುವುದು ಸದ್ದು ನಿಲ್ಲಿಸುವುದೊಂದೇ. ಅದನ್ನು ನಾನು ಚೆನ್ನಾಗಿ ಕಲಿತಿದ್ದೇನೆ. ಕೈಯಡಿಯಲ್ಲಿ ತಂತಿಗಳು ತಣ್ಣಗಿದ್ದವು, ಬೇರೆಯವರ ಕ್ರಮದಲ್ಲಿ.

ಒಳಗಿನಿಂದ ಅತ್ತಿಗೆ, "ಲೀನಾ, ಟ್ರೇ ತನ್ನಿ, ಜ್ಯೂಸ್ ಹೊಯ್ದಿಟ್ಟಿದ್ದೇನೆ" ಎಂದು ಕರೆದರು. ಕೈ ತೆಗೆದೆ. ಬೆನ್ನ ಹಿಂದೆ ಹುಂಕಾರ ಮತ್ತೆ ಶುರುವಾಯಿತು. "ನೀರು ಹೊಯ್ಯಿ ಮಾರಾಯ್ರೆ!" ಎಂದು ಯಾರೋ ಹೇಳಿದರು, ಎಲ್ಲರೂ ನಕ್ಕರು.